ಹತ್ತು ವರ್ಷ, ಮೂರು ಆಲ್ಬಂ: ವಿಪ್ಪಿಂಗ್ ಬಾಯ್ ಕಥೆ (ಭಾಗ 6)

ಐರ್ಲೆಂಡ್ ಬ್ಯಾಂಡ್ ಅಂದ ತಕ್ಷಣ ಯೂ2, ಕ್ರ್ಯಾನ್‌ಬೆರೀಸ್ ಅಂತೀವಿ, ಅಲ್ವಾ? ಇವತ್ತು ಅದೇ ದೇಶದ, ನಮ್ಮಲ್ಲಿ ಹೆಚ್ಚು ಜನ ಕೇಳದ ಒಂದು ಬ್ಯಾಂಡ್.

1988, ಡಬ್ಲಿನ್. ಹಾಡೋಕೆ ಫರ್ಗಲ್ ಮಕೀ, ಗಿಟಾರ್‌ಗೆ ಪಾಲ್ ಪೇಜ್, ಬಾಸ್‌ಗೆ ಮೈಲ್ಸ್ ಮೆಕ್‌ಡೊನೆಲ್, ಡ್ರಮ್ಸ್‌ಗೆ ಕೋಲ್ಮ್ ಹ್ಯಾಸೆಟ್. ಶುರುವಿನಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡ್ ಹಾಡುಗಳನ್ನೇ ನುಡಿಸ್ತಿದ್ರು. 'ವಿಪ್ಪಿಂಗ್ ಬಾಯ್' ಅಂದ್ರೆ ರಾಜಕುಮಾರ ತಪ್ಪು ಮಾಡಿದಾಗ ಅವನ ಬದಲು ಏಟು ತಿನ್ನೋ ಹುಡುಗ.

1992ರಲ್ಲಿ ಮೊದಲ ಆಲ್ಬಂ 'ಸಬ್‌ಮರೀನ್' ಬಂತು. ಗಿಟಾರಿನ ಗದ್ದಲ ಜಾಸ್ತಿ, ಕೇಳಿದವರು ಕಡಿಮೆ. ಆಮೇಲೆ ಕೊಲಂಬಿಯಾ ಅನ್ನೋ ದೊಡ್ಡ ಕಂಪನಿ ಕೈ ಹಿಡಿಯಿತು. 1995ರ ಕೊನೆಯಲ್ಲಿ 'ಹಾರ್ಟ್‌ವರ್ಮ್' ಹೊರಬಂತು.

ಆಗಿನ ಐರ್ಲೆಂಡನ್ನು ಸ್ವಲ್ಪ ನೋಡಿ. 1937ರ ಸಂವಿಧಾನ ವಿಚ್ಛೇದನವನ್ನೇ ನಿಷೇಧಿಸಿತ್ತು. 1986ರಲ್ಲಿ ಅದನ್ನು ಬದಲಿಸೋಕೆ ನಡೆದ ಜನಮತಗಣನೆ ಸೋತಿತು. 1995ರ ನವೆಂಬರ್ 24ರಂದು ಮತ್ತೆ ಮತದಾನ. 16 ಲಕ್ಷಕ್ಕೂ ಹೆಚ್ಚು ಮತಗಳಲ್ಲಿ ಅಂತರ ಬರೀ 9,114! ಮನೆಯೊಳಗಿನ ನೋವನ್ನು ಹೊರಗೆ ಮಾತಾಡಬಹುದಾ ಅಂತ ಒಂದು ದೇಶವೇ ಜಗಳ ಆಡ್ತಿದ್ದ ಕಾಲ ಅದು.

ಅದೇ ಹೊತ್ತಿಗೆ ಈ ಆಲ್ಬಂ. ಅದರ 'ವಿ ಡೋಂಟ್ ನೀಡ್ ನೋಬಡಿ ಎಲ್ಸ್' ಹಾಡಿನ ನಡುವೆ, ತಾನು ಪ್ರೀತಿಸಿದವಳ ಮೇಲೆ ಕೈ ಮಾಡಿದ್ದನ್ನು ಒಬ್ಬ ಗಂಡಸು ತಾನೇ ಒಪ್ಪಿಕೊಳ್ತಾನೆ. ಹಾಡೋದಿಲ್ಲ, ಮಾತಾಡ್ತಾನೆ. ಸಬೂಬು ಹೇಳಿ ಒಳ್ಳೆಯವನಾಗೋಕೂ ನೋಡೋದಿಲ್ಲ. ಕೇಳೋಕೆ ಕಷ್ಟ. ಹಾಡಿನ ಶಕ್ತಿ ಇರೋದೂ ಅಲ್ಲೇ.

ಆದ್ರೆ ಪಕ್ಕದ ಇಂಗ್ಲೆಂಡಿನಲ್ಲಿ ಆಗ ಓಯಸಿಸ್, ಬ್ಲರ್, ಪಲ್ಪ್ ಹವಾ. ಜನ ಒಟ್ಟಿಗೆ ಕುಣಿಯೋ ಹಾಡು ಕೇಳ್ತಿದ್ರು. ವಿಮರ್ಶಕರು 'ಹಾರ್ಟ್‌ವರ್ಮ್' ಅನ್ನು ಹೊಗಳಿದ್ರು, ಅಂಗಡಿಯಲ್ಲಿ ಮಾತ್ರ ನಿರೀಕ್ಷೆಯಷ್ಟು ಮಾರಾಟ ಆಗಲಿಲ್ಲ. ಕಂಪನಿ ಕೈಬಿಟ್ಟಿತು. 1998ರಲ್ಲಿ ಬ್ಯಾಂಡ್ ಒಡೆಯಿತು. ಮೂರನೇ ಆಲ್ಬಂ 2000ದಲ್ಲಿ ಬಂದಾಗ ಅದನ್ನು ನುಡಿಸೋಕೆ ಬ್ಯಾಂಡೇ ಇರಲಿಲ್ಲ.

ಕಥೆ ಅಲ್ಲಿಗೇ ಮುಗೀಲಿಲ್ಲ. 2005ರಲ್ಲಿ ಮತ್ತೆ ಕೆಲವು ಕಾರ್ಯಕ್ರಮ ಕೊಟ್ರು. 2021ರಲ್ಲಿ 'ಹಾರ್ಟ್‌ವರ್ಮ್' ಮರುಮುದ್ರಣ ಆಯ್ತು. ಐರ್ಲೆಂಡಿನ ಅತ್ಯುತ್ತಮ ಆಲ್ಬಂ ಪಟ್ಟಿಗಳಲ್ಲಿ ಅದರ ಹೆಸರು ಇವತ್ತಿಗೂ ಬರುತ್ತೆ. ಮೊದಲ ವಾರದ ಲೆಕ್ಕ ನೋಡಿ 'ಫ್ಲಾಪ್' ಅಂದುಬಿಡೋ ಮುಂಚೆ ಈ ನಾಲ್ವರನ್ನು ನೆನಪಿಸಿಕೊಳ್ಳಿ.

ಶುರು ಮಾಡೋರು 'ವೆನ್ ವಿ ವರ್ ಯಂಗ್' ಕೇಳಿ, ಆಮೇಲೆ 'ಟ್ವಿಂಕಲ್'. ಹೆಡ್‌ಫೋನ್ ಹಾಕ್ಕೊಂಡು, ಒಬ್ರೇ. ಹೇಗನ್ನಿಸ್ತು ಅಂತ ಕೆಳಗೆ ಬರೀರಿ.