ಹಾರಿಸಿದ ಮೇಲೆ ಶುರುವಾಗೋ ಕೆಲಸ

ಹಾಸನದಲ್ಲಿ ಸಾಲಗಾಮೆ ರಸ್ತೆ ಹಿಡಿದು ಹೋದರೆ ಆಕಾಶಕ್ಕೆ ಬಾಯಿ ತೆರೆದು ಕೂತ ದೊಡ್ಡ ದೊಡ್ಡ ಬಿಳಿ ಡಿಶ್‌ಗಳು ಕಾಣುತ್ತವೆ. ಊರಿನವರ ಬಾಯಲ್ಲಿ ಅದು ಎಂಸಿಎಫ್. ಪೂರ್ತಿ ಹೆಸರು ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಇಸ್ರೋದ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ. ಚಂದ್ರಯಾನದ ಸುದ್ದಿ ಬಂದಾಗಲೆಲ್ಲ ನಮ್ಮ ಕಡೆ, ಅದು ಅರಕಲಗೂಡಾಗಲಿ ಚನ್ನರಾಯಪಟ್ಟಣವಾಗಲಿ, ಒಂದು ಮಾತು ಕೇಳಿಸುತ್ತೆ: "ಅದನ್ನ ನಡ್ಸೋದು ನಮ್ಮ ಹಾಸನದಿಂದ್ಲೇ ಕಣಯ್ಯಾ."

ಹಾಗೇನಿಲ್ಲ. ಚಂದ್ರಯಾನಗಳನ್ನೂ ಮಂಗಳಯಾನವನ್ನೂ ನಡೆಸಿದ್ದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ಟ್ರಾಕ್. ಅವುಗಳ ದನಿಗೆ ಕಿವಿಗೊಟ್ಟಿದ್ದು ಬಿಡದಿ ಕಡೆಯ ಬ್ಯಾಲಾಳಿನ ಆಂಟೆನಾಗಳು. ಆದರೂ ಊರಿನವರ ಮಾತನ್ನ ಪೂರ್ತಿ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಹಾಸನ ಚಂದ್ರಯಾನವನ್ನ ನಡೆಸಲಿಲ್ಲ, ನಿಜ. ಆದರೆ ದೂರದಲ್ಲಿರೋ ಯಂತ್ರವೊಂದನ್ನ ವರ್ಷಗಟ್ಟಲೆ ಬದುಕಿಸಿಕೊಂಡು ದುಡಿಸೋ ಕಸುಬನ್ನ ಈ ದೇಶ ಕಲಿತ ಶಾಲೆಗಳಲ್ಲಿ ಹಾಸನವೂ ಒಂದು. ಗ್ರಹಗಳ ಅಧ್ಯಯನದ ಇತಿಹಾಸವನ್ನ ನಾವು ರಾಕೆಟ್ ಹಾರಿದ ತಾರೀಖುಗಳ ಪಟ್ಟಿ ಥರ ಓದುತ್ತೇವೆ. ಅಸಲಿ ಇತಿಹಾಸ ಇರೋದು ಹಾರಿದ ಮೇಲೆ.

ಎಂಸಿಎಫ್ ಶುರುವಾದದ್ದು 1982ರಲ್ಲಿ. ಅದೇ ವರ್ಷ ಏಪ್ರಿಲ್ 10ರಂದು ಇನ್ಸಾಟ್-1ಎ ಅಮೆರಿಕದ ಕೇಪ್ ಕೆನವೆರಲ್‌ನಿಂದ ಮೇಲೆ ಹೋಯಿತು. ಕಟ್ಟಿದ್ದು ಅಮೆರಿಕದ ಫೋರ್ಡ್ ಏರೋಸ್ಪೇಸ್, ನೋಡಿಕೊಳ್ಳಬೇಕಾದವರು ನಾವು. ಹೋದದ್ದೇ ತಡ ತಾಪತ್ರಯ ಶುರು. ಒಂದು ಆಂಟೆನಾ ಬಿಚ್ಚಿಕೊಳ್ಳಲಿಲ್ಲ. ಅದನ್ನ ಹೇಗೋ ಬಿಚ್ಚಿಸಿದರು. ಆದರೆ ಸೌರಹಾಯಿ ಬಿಚ್ಚಲೇ ಇಲ್ಲ. ಉಪಗ್ರಹದ ಒಂದೇ ಪಕ್ಕಕ್ಕೆ ಸೌರಫಲಕ ಇದ್ದರೆ ಬಿಸಿಲಿನ ಒತ್ತಡವೂ ಒಂದೇ ಪಕ್ಕಕ್ಕೆ ಬಿದ್ದು ಉಪಗ್ರಹ ವಾಲೋಕೆ ನೋಡುತ್ತೆ. ಇನ್ನೊಂದು ಪಕ್ಕದ ಹಾಯಿ ತಕ್ಕಡಿ ಸಮ ಮಾಡಬೇಕು. ಹಾಯಿ ಇಲ್ಲದೆ ಹೋದರೆ ಪುಟ್ಟ ಎಂಜಿನ್‌ಗಳನ್ನ ಉರಿಸಿಯೇ ಸರಿಪಡಿಸಬೇಕು, ಅಂದರೆ ಇಂಧನ ಸುಡಬೇಕು. ಸೆಪ್ಟೆಂಬರ್ ಹೊತ್ತಿಗೆ ಇಂಧನ ಮುಗಿಯಿತು, ಉಪಗ್ರಹ ಕೈಬಿಟ್ಟುಹೋಯಿತು. ಹೊಸ ಕೇಂದ್ರದ ಮೊದಲ ಕೂಸು ಆರು ತಿಂಗಳೂ ಬಾಳಲಿಲ್ಲ.

ಮುಂದಿನ ವರ್ಷ ಆಗಸ್ಟ್ 30ರಂದು ಚಾಲೆಂಜರ್ ಷಟಲ್‌ನ ಹೊಟ್ಟೆಯಲ್ಲಿ ಇನ್ಸಾಟ್-1ಬಿ ಹೋಯಿತು. ಈ ಸಲ ಸೌರಫಲಕವೇ ಸಿಕ್ಕಿಹಾಕಿಕೊಂಡಿತು. ಸೌರಫಲಕ ಬಿಚ್ಚದಿದ್ದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ಏನೂ ಇಲ್ಲ. ಮೆಕ್ಯಾನಿಕ್ ಕಳಿಸೋಕೆ ಅದೇನು ನೆಲದ ಮೇಲಿಲ್ಲ, 36 ಸಾವಿರ ಕಿಲೋಮೀಟರ್ ಎತ್ತರದಲ್ಲಿದೆ. ಕೈಯಲ್ಲಿರೋದು ಬರೀ ಕಮಾಂಡುಗಳು. ದಿನಗಟ್ಟಲೆ ಒದ್ದಾಡಿ, ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಫಲಕವನ್ನ ಬಿಚ್ಚಿಸಿದರು. ಆ ಉಪಗ್ರಹ ಏಳು ವರ್ಷಕ್ಕೂ ಹೆಚ್ಚು ದುಡಿಯಿತು. ಹಳ್ಳಿಗಳಿಗೆ ದೂರದರ್ಶನ ಬಂದದ್ದು, ವಾರ್ತೆಯ ಕೊನೆಗೆ ಮೋಡದ ಚಿತ್ರ ತೋರಿಸೋದು ಶುರುವಾದದ್ದು ಅದರ ಕಾಲದಲ್ಲಿ.

ಆ ಮೋಡದ ಚಿತ್ರದ ಬಗ್ಗೆ ಸ್ವಲ್ಪ ನಿಲ್ಲಬೇಕು. ನೌಕೆಯಿಂದ ಗ್ರಹವನ್ನ ಅಭ್ಯಾಸ ಮಾಡೋದು ಅಂದರೆ ಏನು? ದೂರದಲ್ಲಿ ನಿಂತು, ಅದರಿಂದ ಬರುವ ಬೆಳಕನ್ನೂ ಶಾಖವನ್ನೂ ಅಳೆದು, ಕೈಗೆ ಸಿಗದ ಜಾಗದಲ್ಲಿ ಏನಿದೆ ಅಂತ ಹೇಳೋದು. ಇನ್ಸಾಟ್‌ನ ಕ್ಯಾಮೆರಾ ಕಣ್ಣಿಗೆ ಕಾಣುವ ಬೆಳಕಲ್ಲೂ ಅವಕೆಂಪಿನಲ್ಲೂ ಭೂಮಿಯನ್ನ ನೋಡುತ್ತಿತ್ತು. ಮೋಡದ ನೆತ್ತಿ ಎಷ್ಟು ತಣ್ಣಗಿದೆ ಅನ್ನೋದರಿಂದ ಅದು ಎಷ್ಟು ಎತ್ತರಕ್ಕೆ ಬೆಳೆದಿದೆ ಅಂತ ಲೆಕ್ಕ. ಭೂಮಿಯೂ ಒಂದು ಗ್ರಹ ತಾನೇ? ಹಾಗೆ ನೋಡಿದರೆ ಹಾಸನದಿಂದ ನಾವು ಅಭ್ಯಾಸ ಮಾಡಿದ ಮೊದಲ ಗ್ರಹ ಇದೇ.

ಇದು ಬರೀ ಹೋಲಿಕೆಯಲ್ಲ. 2002ರ ಸೆಪ್ಟೆಂಬರ್ 12ರಂದು ಪಿಎಸ್‌ಎಲ್‌ವಿ ರಾಕೆಟ್ ಮೆಟ್‌ಸ್ಯಾಟ್ ಅನ್ನೋ ಪುಟ್ಟ ಹವಾಮಾನ ಉಪಗ್ರಹವನ್ನ ಒಯ್ದಿತು. ಮುಂದಿನ ಫೆಬ್ರವರಿಯಲ್ಲಿ ಕಲ್ಪನಾ ಚಾವ್ಲಾ ತೀರಿಕೊಂಡ ಮೇಲೆ ಅದಕ್ಕೆ ಕಲ್ಪನಾ-1 ಅಂತ ಹೆಸರಿಟ್ಟರು. ಅದರ ಕಕ್ಷೆಯನ್ನ ಎತ್ತರಿಸಿ, ನೋಡಿಕೊಂಡದ್ದು ಹಾಸನ. ಅದೇ 2003ರ ಆಗಸ್ಟ್ 15ರಂದು ಪ್ರಧಾನಿ ವಾಜಪೇಯಿ ಚಂದ್ರಯಾನದ ಘೋಷಣೆ ಮಾಡಿದರು. ಚಂದ್ರನಿಗೆ ಹೊರಟ ನೌಕೆಯ ಒಡಲು ಎಲ್ಲಿಂದ ಬಂತು? ಈ ಕಲ್ಪನಾದ ವಿನ್ಯಾಸದಿಂದಲೇ. ಮುಂಗಾರು ನೋಡೋಕೆ ಮಾಡಿದ ಮೈಯನ್ನ ಚಂದ್ರನಿಗೆ ಹೊಂದಿಸಿದರು, ಆಮೇಲೆ ಮಂಗಳಕ್ಕೂ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಪ್ರೊಡಕ್ಷನ್‌ನಲ್ಲಿ ಓಡಿ ಗಟ್ಟಿಯಾದ ಕೋಡನ್ನೇ ಮತ್ತೆ ಬಳಸಿದರು.

ಬದಲಾದದ್ದು ದೂರ. ಹಾಸನದಿಂದ ಕಳಿಸಿದ ಕಮಾಂಡು ಭೂಸ್ಥಿರ ಉಪಗ್ರಹಕ್ಕೆ ಹೋಗಿ ಉತ್ತರ ಬರೋಕೆ ಕಾಲು ಸೆಕೆಂಡ್ ಸಾಕು. ಚಂದ್ರನಿಗೆ ಎರಡೂವರೆ ಸೆಕೆಂಡ್. ದನಿ ಕ್ಷೀಣವಾದ್ದರಿಂದ ಬ್ಯಾಲಾಳಿನಲ್ಲಿ 2008ರಲ್ಲಿ 32 ಮೀಟರ್ ಅಗಲದ ಆಂಟೆನಾ ಎದ್ದು ನಿಂತಿತು. ಆ ಅಕ್ಟೋಬರ್ 22ರಂದು ಚಂದ್ರಯಾನ-1 ಹೊರಟಿತು.

ಚಂದ್ರನನ್ನ ತಲುಪಿದ ಮೇಲೆ ನೌಕೆ ಜ್ವರ ಬಂದಂತೆ ಕಾಯತೊಡಗಿತು. ಉಪಕರಣಗಳನ್ನೆಲ್ಲ ಒಟ್ಟಿಗೆ ಓಡಿಸದೆ ಒಂದೊಂದಾಗಿ ಓಡಿಸಿದರು. ನಕ್ಷತ್ರ ನೋಡಿ ದಿಕ್ಕು ಹಿಡಿಯುವ ಸೆನ್ಸರ್‌ಗಳು ಕೈಕೊಟ್ಟವು. ಗೈರೋಸ್ಕೋಪ್‌ಗಳನ್ನ ನೆಚ್ಚಿಕೊಂಡು ನಡೆಸಿದರು. 2009ರ ಮೇ ತಿಂಗಳಲ್ಲಿ ಕಕ್ಷೆಯನ್ನ 100ರಿಂದ 200 ಕಿಲೋಮೀಟರ್‌ಗೆ ಎತ್ತರಿಸಿದರು. ಆಗಸ್ಟ್ 29ಕ್ಕೆ ದನಿ ನಿಂತಿತು. 312 ದಿನದ ಆಯಸ್ಸು. ಸೆಪ್ಟೆಂಬರ್ ಕೊನೆಯಲ್ಲಿ, ಅಂದರೆ ನೌಕೆ ಸತ್ತು ತಿಂಗಳಾಗುತ್ತ ಬಂದಾಗ, ಅದರಲ್ಲಿದ್ದ ನಾಸಾದ ಉಪಕರಣದ ಅಳತೆಗಳಿಂದ ಚಂದ್ರನ ನೆಲದಲ್ಲಿ ನೀರಿನ ಗುರುತು ಇದೆ ಅಂತ ಜಗತ್ತಿಗೆ ಗೊತ್ತಾಯಿತು. ಅಲ್ಲಿ ಕೂಡ ಅಳೆದದ್ದು ಅವಕೆಂಪು ಬೆಳಕನ್ನೇ: 3 ಮೈಕ್ರೊಮೀಟರ್ ಆಸುಪಾಸಿನ ಬೆಳಕನ್ನ ಆ ನೆಲ ನುಂಗಿಕೊಳ್ಳುತ್ತಿತ್ತು. ನೌಕೆಗೆ ಕಾಯಿಲೆ ಬಂದಾಗ ಶುಶ್ರೂಷೆ ಮಾಡಿದವರಿಲ್ಲದಿದ್ದರೆ ಅಷ್ಟು ದಿನದ ಅಳತೆ ಎಲ್ಲಿರುತ್ತಿತ್ತು?

ಮಂಗಳಯಾನದ್ದು ಇನ್ನೂ ಕಷ್ಟ. 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಅದು ಮಂಗಳನ ಹತ್ತಿರ ಬಂದಾಗ ದನಿ ಒಂದು ಕಡೆಗೆ ತಲುಪೋಕೇ 12 ನಿಮಿಷ ಬೇಕಿತ್ತು. ಎಡವಟ್ಟಾಯ್ತು ಅಂತ ತಿಳಿಯೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ. ಅದಕ್ಕೇ ಕಮಾಂಡುಗಳನ್ನ ಮೊದಲೇ ನೌಕೆಗೆ ತುಂಬಿ, ಉಳಿದದ್ದನ್ನ ಅದರ ಬುದ್ಧಿಗೇ ಬಿಟ್ಟಿದ್ದರು. ವೇಗ ತಗ್ಗಿಸಬೇಕಾದ ಎಂಜಿನ್ ಯಾವುದು ಗೊತ್ತಾ? 440 ನ್ಯೂಟನ್‌ನ ದ್ರವ ಎಂಜಿನ್. ಇನ್ಸಾಟ್ ಸಾಲಿನ ಉಪಗ್ರಹಗಳನ್ನ ಕಕ್ಷೆಗೆ ಏರಿಸೋಕೆ ಹಾಸನದವರು ಮತ್ತೆ ಮತ್ತೆ ಉರಿಸಿದ ಜಾತಿಯದು. ಹತ್ತು ತಿಂಗಳ ಹತ್ತಿರ ತಣ್ಣಗೆ ಮಲಗಿದ್ದದ್ದನ್ನ ಎರಡು ದಿನ ಮುಂಚೆ 4 ಸೆಕೆಂಡ್ ಉರಿಸಿ ನೋಡಿದ್ದರು. ಆ ಬೆಳಗ್ಗೆ ಅದು 23 ನಿಮಿಷ ಉರಿಯಿತು. ಆರು ತಿಂಗಳಿಗೆಂದು ಕಳಿಸಿದ ನೌಕೆ 2022ರವರೆಗೆ, ಎಂಟು ವರ್ಷದ ಹತ್ತಿರ, ಬಾಳಿತು. ಮಂಗಳನ ಪುಟ್ಟ ಚಂದ್ರರಾದ ಫೋಬೋಸ್, ಡೀಮೋಸ್‌ಗಳ ಚಿತ್ರವನ್ನೂ ಕಳಿಸಿತು.

2019ರ ಸೆಪ್ಟೆಂಬರ್ 7ರ ರಾತ್ರಿ ನಿಮಗೆ ನೆನಪಿರಬೇಕು. ವಿಕ್ರಮ್ ಬಿತ್ತು, ಚಂದ್ರಯಾನ-2 ಫೇಲಾಯ್ತು ಅಂತ ನಾವೆಲ್ಲ ಟಿವಿ ಆರಿಸಿ ಮಲಗಿದೆವು. ಆದರೆ ಮೇಲೆ ಅದರ ಆರ್ಬಿಟರ್ ಸುತ್ತುತ್ತಲೇ ಇತ್ತು. ಚಂದ್ರಯಾನ-3 ಇಳಿಯೋ ಜಾಗ ಆರಿಸೋಕೆ ನೆರವಾದದ್ದು ಅದರ ಕ್ಯಾಮೆರಾ. 2023ರ ಆಗಸ್ಟ್ 23ರ ಸಂಜೆ 6.04ಕ್ಕೆ ಹೊಸ ವಿಕ್ರಮ್ ಇಳಿದಾಗ ಪಟಾಕಿ ಹೊಡೆದೆವು. ಹಳೇ ಆರ್ಬಿಟರ್ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಪ್ರಜ್ಞಾನ್ ರೋವರ್ ಸುಮಾರು 100 ಮೀಟರ್ ನಡೆದು 23 ಕಡೆ ಮಣ್ಣಿನ ಧಾತುಗಳನ್ನ ಅಳೆಯಿತು. ಆ ಲೆಕ್ಕ ಪ್ರಬಂಧವಾಗಿ ಬಂದದ್ದು ಸರಿಯಾಗಿ ಒಂದು ವರ್ಷದ ನಂತರ, 2024ರ ಆಗಸ್ಟಿನಲ್ಲಿ. ಆಗ ಪಟಾಕಿ ಇರಲಿಲ್ಲ. ಹೇಳಿದ್ದು ಮಾತ್ರ ದೊಡ್ಡ ವಿಷಯ: ದಕ್ಷಿಣ ಧ್ರುವದ ಕಡೆಯ ಆ ಮಣ್ಣು ಬಹುಪಾಲು ಅನಾರ್ಥೊಸೈಟ್ ಜಾತಿಯ ಕಲ್ಲಿನ ಪುಡಿ. ಹುಟ್ಟಿದ ಹೊಸದರಲ್ಲಿ ಚಂದ್ರನ ಮೈಯೆಲ್ಲ ಕರಗಿದ ಶಿಲೆಯ ಸಮುದ್ರವಾಗಿತ್ತು, ಹಗುರ ಖನಿಜಗಳು ಹಾಲಿನ ಕೆನೆ ಥರ ಮೇಲೆ ತೇಲಿ ಗಟ್ಟಿಯಾದವು ಅನ್ನೋ ವಾದಕ್ಕೆ ಅದು ಇನ್ನೊಂದು ಸಾಕ್ಷಿ.

ಅನಾರ್ಥೊಸೈಟ್ ನಮಗೆ ಪರಕೀಯವಲ್ಲ. ಹೊಳೆನರಸೀಪುರದ ಹೆಸರಿನ ಶಿಲಾಪಟ್ಟಿಯೊಂದು ಭೂವಿಜ್ಞಾನಿಗಳ ಲೋಕದಲ್ಲಿ ಪ್ರಸಿದ್ಧ. ಅಲ್ಲಿನ ಬಂಡೆಗಳಿಗೆ 300 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು, ಅವುಗಳ ನಡುವೆ ಅನಾರ್ಥೊಸೈಟೂ ಇದೆ. ಚಂದ್ರನದ್ದರ ಹಾಗೆ ಹುಟ್ಟಿದ್ದಲ್ಲ, ದೂರದ ನೆಂಟಸ್ತಿಕೆ ಅಷ್ಟೇ. ಆದರೆ ಇಂಥ ಕಲ್ಲನ್ನ ಭೂಮಿ ಮೇಲೆ ಒಡೆದು, ಪುಡಿ ಮಾಡಿ, ಅಳೆದು ಇಟ್ಟವರು ಇದ್ದದ್ದರಿಂದಲೇ ರೋವರ್ ಕಳಿಸಿದ ಅಂಕಿಗಳನ್ನ ಓದೋಕೆ ಆಗಿದ್ದು.

ರಾಕೆಟ್ಟು ಚಂದ್ರಯಾನ-1ನ್ನ ಕಕ್ಷೆಗೆ ಬಿಡೋಕೆ ತಗೊಂಡದ್ದು ಇಪ್ಪತ್ತು ನಿಮಿಷವೂ ಅಲ್ಲ. ನಮಗೆ ತಾರೀಖು ಸಮೇತ ಬಾಯಿಪಾಠ ಆಗಿರೋದು ಆ ಇಪ್ಪತ್ತು ನಿಮಿಷ. ಉಳಿದ 312 ದಿನ ಯಾರೋ ಒಬ್ಬರು ಶಿಫ್ಟ್ ಮೇಲೆ ಶಿಫ್ಟ್ ಪರದೆ ನೋಡುತ್ತ ಕೂತಿದ್ದರು. ಆನ್‌ಕಾಲ್ ಮಾಡಿದವರಿಗೆ ಆ ಕೂರುವಿಕೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.