ಸಾವಿನ ಮನೆ ಮುಂದೆ ಮಾತಿನ ಹಕ್ಕು

2015ರ ಆಗಸ್ಟ್ 30, ಭಾನುವಾರ. ಬೆಳಗ್ಗೆ ಇನ್ನೂ ಒಂಬತ್ತು ಗಂಟೆ ಆಗಿರಲಿಲ್ಲ. ಧಾರವಾಡದ ಕಲ್ಯಾಣ ನಗರದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರನ್ನ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. 76 ವರ್ಷದ ಹಿರಿಯರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ವಚನ-ಶಾಸನ ಅಂತ ಇಡೀ ಆಯುಷ್ಯ ಸವೆಸಿದವರು. ಪತ್ನಿ ಉಮಾದೇವಿಯವರು ಆಗ ಮನೆಯಲ್ಲೇ ಇದ್ದರು. ಮರುದಿನ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೀತು.

ಆದರೆ ಮಣ್ಣು ಮಾಡೋದಕ್ಕೂ ಮೊದಲೇ ಕರಾವಳಿಯ ಒಬ್ಬ ಯುವಕ ಟ್ವಿಟರ್‌ನಲ್ಲಿ ಸಂಭ್ರಮ ಪಟ್ಟಿದ್ದ. ಆ ಬರಹವನ್ನ ಇಲ್ಲಿ ಪೂರ್ತಿ ಓದಿ ಹೇಳೋದಿಲ್ಲ. ಧರ್ಮವನ್ನ ಅಣಕಿಸಿದವರಿಗೆ ನಾಯಿಪಾಡಿನ ಸಾವೇ ಗತಿ ಅನ್ನೋದು ಒಂದು ಮಾತು. ಮೈಸೂರಿನ ಕೆ.ಎಸ್. ಭಗವಾನ್ ಅವರ ಹೆಸರು ಹಿಡಿದು, ಮುಂದಿನ ಸರದಿ ನಿಮ್ಮದು ಅನ್ನೋದು ಇನ್ನೊಂದು. ಪೊಲೀಸರು ಬಂಧಿಸಿದರು, ಜಾಮೀನೂ ಸಿಕ್ತು.

ಆಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. ಇದೂ ವಾಕ್ ಸ್ವಾತಂತ್ರ್ಯವಾ? ನನ್ನ ಪ್ರಕಾರ ಆ ಎರಡು ಮಾತುಗಳನ್ನ ಬೇರೆ ಬೇರೆ ಇಟ್ಟು ನೋಡಬೇಕು. ಬದುಕಿರುವವರಿಗೆ ನೀನೇ ಮುಂದಿನವನು ಅನ್ನೋದು ಬೆದರಿಕೆ, ಅದು ಅಪರಾಧ. ಅದರಲ್ಲಿ ಚರ್ಚೆಯೇ ಇಲ್ಲ. ಸತ್ತವರನ್ನ ಹಂಗಿಸೋದು? ಅದು ಹೊಲಸು ಮಾತು. ಆದರೆ ಹೊಲಸು ಮಾತಿಗೆಲ್ಲ ಜೈಲು ಅಂದರೆ ಏನಾಗುತ್ತೆ ಅಂತ ನಮ್ಮ ದೇಶ ಅದಕ್ಕೂ ಮೂರು ವರ್ಷ ಮೊದಲೇ ನೋಡಿತ್ತು.

2012ರ ನವೆಂಬರ್‌ನಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆಯ್ತಲ್ಲ, ಆಗ ಪಾಲ್ಘರ್‌ನ ಒಬ್ಬ ಹುಡುಗಿ ಈ ಬಂದ್ ಯಾಕೆ ಅಂತ ಫೇಸ್‌ಬುಕ್‌ನಲ್ಲಿ ಬರೆದಳು. ಇನ್ನೊಬ್ಬಳು ಬರೀ ಲೈಕ್ ಒತ್ತಿದಳು. ಇಬ್ಬರನ್ನೂ ಹಿಡಿದುಕೊಂಡು ಹೋದರು! ಅವರು ಸತ್ತವರನ್ನ ಬೈದಿರಲಿಲ್ಲ, ಕೇಳಿದ್ದು ಒಂದು ಪ್ರಶ್ನೆ. ಆ ಪ್ರಕರಣ ನೋಡಿಯೇ ಶ್ರೇಯಾ ಸಿಂಘಾಲ್ ಅನ್ನೋ ಕಾನೂನು ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋಗಿದ್ದು. 2015ರ ಮಾರ್ಚ್ 24ರಂದು ಐಟಿ ಕಾಯ್ದೆಯ 66ಎ ಕಲಂ ರದ್ದಾಯ್ತು. ಕಲಬುರ್ಗಿಯವರ ಹತ್ಯೆಗೆ ಐದು ತಿಂಗಳು ಮೊದಲು.

ಹಾಗಾದರೆ ದುಃಖದಲ್ಲಿರುವ ಮನೆಯವರಿಗೆ ಕಾನೂನಿನ ಆಸರೆಯೇ ಇಲ್ವಾ? ಇದೆ, ಅದೂ ಬ್ರಿಟಿಷರ ಕಾಲದಿಂದ. 1860ರ ದಂಡ ಸಂಹಿತೆಯ 499ನೇ ಕಲಂ, ಮಾನನಷ್ಟದ್ದು. ಸತ್ತ ವ್ಯಕ್ತಿಯ ಮೇಲೆ, ಬದುಕಿದ್ದರೆ ಅವರ ಮಾನ ಹೋಗುವಂಥ ಆರೋಪ ಹೊರಿಸಿದರೆ, ಮತ್ತು ಅವರ ಕುಟುಂಬದ ಅಥವಾ ಹತ್ತಿರದ ಬಂಧುಗಳ ಮನಸ್ಸು ನೋಯಿಸೋ ಉದ್ದೇಶ ಅದಕ್ಕಿದ್ದರೆ, ಅದೂ ಮಾನನಷ್ಟವೇ. ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲೂ ಅದು ಉಳಿದಿದೆ. ಗಮನಿಸಿ, ಅಲ್ಲಿರೋದು ಕುಟುಂಬ, ಹತ್ತಿರದ ಬಂಧುಗಳು. ಜಾತಿ ಅಂತ ಇಲ್ಲ, ಅಭಿಮಾನಿ ಸಂಘ ಅಂತಲೂ ಇಲ್ಲ.

ಈ ಸಾಲು ಎಷ್ಟು ಮುಖ್ಯ ಅಂತ ತಿಳಿಯೋಕೆ ಬೇರೆ ಕಡೆ ಹೋಗಬೇಕಿಲ್ಲ, ಕಲಬುರ್ಗಿಯವರ ಬದುಕನ್ನೇ ನೋಡಿ. ಅವರ ಕೆಲಸವೇ ಸತ್ತವರ ಬಗ್ಗೆ ಬರೆಯೋದು. ‘ಮಾರ್ಗ’ದ ಲೇಖನಗಳಲ್ಲಿ 12ನೇ ಶತಮಾನದ ಚನ್ನಬಸವಣ್ಣನವರ ಹುಟ್ಟಿನ ಬಗ್ಗೆ, ನೀಲಾಂಬಿಕೆಯವರ ಬಗ್ಗೆ ಕೆಲವು ಪ್ರಶ್ನೆ ಎತ್ತಿದ್ದರು. ಎಂಟುನೂರು ವರ್ಷದ ಹಿಂದಿನವರು. ಆದರೂ ನಮಗೆ ನೋವಾಗಿದೆ ಅಂತ ಒಂದು ಸಮುದಾಯದ ಕೆಲವರು ಎದ್ದು ನಿಂತರು. ಒತ್ತಡ ಎಷ್ಟಿತ್ತು ಅಂದರೆ 1989ರಲ್ಲಿ ಅವರು ಬರೆದದ್ದನ್ನ ವಾಪಸ್ ತಗೋಬೇಕಾಯ್ತು. ಮನೆಯವರ ಜೀವ ಉಳಿಸೋಕೆ ಹಾಗೆ ಮಾಡಿದೆ, ಆದರೆ ಅವತ್ತೇ ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡೆ ಅನ್ನೋ ಅರ್ಥದಲ್ಲಿ ಅವರೇ ಹೇಳಿಕೊಂಡಿದ್ದರು.

ಈಗ ಹೇಳಿ, ಇದರಲ್ಲಿ ಯಾರ ನೋವು ದೊಡ್ಡದು? ಭಕ್ತರಿಗೆ ಬೇಜಾರಾಗಿದ್ದು ಸುಳ್ಳು ಅಂತ ನಾನು ಹೇಳಲ್ಲ. ಆದರೆ ಶವ ಮನೆಯಲ್ಲಿರುವಾಗ ಹೆಂಡತಿ ಮಕ್ಕಳಿಗೆ ಆಗೋ ನೋವು, ಎಂಟು ಶತಮಾನದ ಹಿಂದಿನ ಇತಿಹಾಸ ಓದಿ ಆಗೋ ಮುನಿಸು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕೆ ಬರಲ್ಲ. ಹಾಗೆ ತೂಗಿದರೆ ಈ ನಾಡಿನಲ್ಲಿ ಇತಿಹಾಸ ಬರೆಯೋ ಕೆಲಸವೇ ನಿಂತು ಹೋಗುತ್ತೆ. ಶಾಸನ ಓದೋಕೂ ಹೆದರಬೇಕಾಗುತ್ತೆ.

ಅಮೆರಿಕದಲ್ಲಿ ಇದೇ ಪ್ರಶ್ನೆ ಬೇರೆ ದಾರಿ ಹಿಡೀತು. 2006ರಲ್ಲಿ ಇರಾಕ್‌ನಲ್ಲಿ ಸತ್ತ ಮ್ಯಾಥ್ಯೂ ಸ್ನೈಡರ್ ಅನ್ನೋ ಯೋಧನ ಅಂತ್ಯಕ್ರಿಯೆ ದಿನ, ಒಂದು ಚರ್ಚಿನ ಮಂದಿ ಸೈನಿಕರ ಸಾವನ್ನ ಕೊಂಡಾಡೋ ಫಲಕ ಹಿಡಿದು ನಿಂತರು. ತಂದೆ ಕೋರ್ಟಿಗೆ ಹೋದರು. 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎಂಟು-ಒಂದರ ಬಹುಮತದಿಂದ ಪ್ರತಿಭಟಿಸಿದವರ ಪರ ತೀರ್ಪು ಕೊಟ್ಟಿತು. ಅವರು ನಿಂತಿದ್ದು ಸುಮಾರು ಸಾವಿರ ಅಡಿ ದೂರದ ಸಾರ್ವಜನಿಕ ಜಾಗ, ಮಾತಾಡಿದ್ದು ಸಾರ್ವಜನಿಕ ವಿಷಯ ಅನ್ನೋದು ಮುಖ್ಯ ಕಾರಣ. ಆ ತೀರ್ಪನ್ನ ನಾನು ಪೂರ್ತಿ ಒಪ್ಪಲ್ಲ. ಸಾವಿರ ಅಡಿ ಅಂದರೆ ಮಗನನ್ನ ಕಳಕೊಂಡ ತಂದೆಗೆ ದೂರವೇ? ಆದರೆ ಅಂತರ ಅನ್ನೋ ವಿಚಾರ ಮಾತ್ರ ಸರಿ. ಏನು ಮಾತಾಡಿದೆ ಅನ್ನೋದಕ್ಕಿಂತ ಎಲ್ಲಿ, ಯಾವಾಗ, ಯಾರ ಕಿವಿಗೆ ಬೀಳೋ ಹಾಗೆ ಮಾತಾಡಿದೆ ಅನ್ನೋದನ್ನ ಕಾನೂನು ಕೇಳಬಹುದು. ಟಿವಿಯವರಿಗೂ ಈ ಅಂತರದ ಮಾತು ಅನ್ವಯಿಸುತ್ತೆ. ಅಳೋ ತಾಯಿಯ ಮುಖದ ಹತ್ತಿರ ಮೈಕ್ ಹಿಡಿಯೋದು ಯಾವ ಸಂವಿಧಾನದ ಹಕ್ಕೂ ಅಲ್ಲ.

ಇನ್ನು ಉಮಾದೇವಿಯವರು. ಆ ಟ್ವೀಟಿನ ಗದ್ದಲ ವಾರದಲ್ಲಿ ಮುಗೀತು. ಆದರೆ ಗಂಡನನ್ನ ಕೊಂದವರು ಯಾರು ಅಂತ ವರ್ಷಗಳಾದರೂ ಗೊತ್ತಾಗಲಿಲ್ಲ. ಅವರೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2019ರ ಫೆಬ್ರವರಿಯಲ್ಲಿ ತನಿಖೆ ಗೌರಿ ಲಂಕೇಶ್ ಪ್ರಕರಣದ ಎಸ್‌ಐಟಿಗೆ ಹೋಯ್ತು, ಮೇಲ್ವಿಚಾರಣೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಬಂತು. ಅದೇ ಆಗಸ್ಟ್‌ನಲ್ಲಿ ಆರು ಜನರ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಯ್ತು. ಅಷ್ಟೊತ್ತಿಗೆ ಹತ್ಯೆಯಾಗಿ ನಾಲ್ಕು ವರ್ಷ ಆಗಿತ್ತು.