ತಿಪ್ಪೆಯಲ್ಲಿ ಸಿಕ್ಕ ಹೆಸರು

ಪಾಸ್‌ಪೋರ್ಟ್ ಅರ್ಜಿ ತುಂಬಿದವರಿಗೆಲ್ಲ ಈ ಕಿರಿಕಿರಿ ಗೊತ್ತಿರುತ್ತೆ. ಇನಿಷಿಯಲ್ ಹಾಗೇ ಬಿಡೋ ಹಾಗಿಲ್ಲ, ಬಿಡಿಸಿ ಬರೀಬೇಕು. ನಮ್ಮಪ್ಪನ ಹೆಸರಿನ ಮುಂದಿರೋ 'ಟಿ' ನಮ್ಮಜ್ಜನದು. ಪೂರ್ತಿ ಹೆಸರು ಇಲ್ಲಿ ಬೇಡ, 'ತಿಪ್ಪ' ಅಂತ ಶುರುವಾಗುತ್ತೆ ಅಂದ್ರೆ ಸಾಕು. ಹೈಸ್ಕೂಲಿನಲ್ಲಿ ಒಬ್ಬ "ಟಿ ಅಂದ್ರೇನೋ?" ಅಂತ ಕೇಳಿದಾಗ ನಾನು 'ತ್ರಿಮೂರ್ತಿ' ಅಂದಿದ್ದೆ. ಆಗ ಅಜ್ಜ ಬದುಕಿದ್ದರು. ಅವರಿಗೆ ಇದು ಗೊತ್ತಾಗಲಿಲ್ಲ ಅನ್ನೋದೇ ಸಮಾಧಾನ.

ಹೋದ ಸಲ ಊರಿಗೆ ಹೋದಾಗ ಅಜ್ಜಿಯನ್ನು ಕೇಳಿದೆ, "ಅದ್ಯಾಕಜ್ಜಿ, ತಿಪ್ಪೆ ಹೆಸರು ಇಟ್ರು?" ಅಜ್ಜಿ ರೊಟ್ಟಿ ತಟ್ಟೋದು ನಿಲ್ಲಿಸಲಿಲ್ಲ. "ನಿಮ್ಮಜ್ಜಂಗಿಂತ ಮುಂಚೆ ಮೂರು ಹುಟ್ಟಿ ಮೂರೂ ಹೋಗಿದ್ವಂತೆ ಕಣಪ್ಪ. ಇದಾದ್ರೂ ಉಳೀಲಿ ಅಂತ ಮಗೀನ ತಗಂಡೋಗಿ ತಿಪ್ಪೆ ಮ್ಯಾಲೆ ಮಲಗಿಸಿ ಬಂದ್ರಂತೆ. ಪಕ್ಕದ ಮನೇ ಆಯಮ್ಮ ಎತ್ಕಂಡು ಬಂದು, 'ತಿಪ್ಪೇಲಿ ಸಿಕ್ತು, ಬೇಕೇನ್ರೇ' ಅಂದ್ಲಂತೆ. ನಮ್ಮತ್ತೆ ಒಂದು ಮೊರ ತೌಡು ಕೊಟ್ಟು ಕೊಂಡ್ಕಂಡ್ರಂತೆ."

ಹೆತ್ತ ಮಗುವನ್ನೇ ತೌಡು ಕೊಟ್ಟು ಕೊಳ್ಳೋದು! ಸಾವಿಗೋ, ಮಾರಿಗೋ, ಯಾರ ಕಣ್ಣಿಗೋ... ಯಾರಿಗೆ ಹೇಳ್ತಾ ಇದ್ರು ಗೊತ್ತಿಲ್ಲ, ಆದರೆ ಹೇಳ್ತಾ ಇದ್ದದ್ದು ಒಂದೇ ಮಾತು: ಇದು ನಮ್ಮದಲ್ಲ, ಬೆಲೆ ಬಾಳೋದೂ ಅಲ್ಲ, ಇದನ್ನ ಬಿಟ್ಟು ಮುಂದಕ್ಕೆ ಹೋಗು.

ಇದು ನಮ್ಮೂರಿನ ಮೌಢ್ಯ ಮಾತ್ರ ಅಂದುಕೊಂಡಿದ್ದೆ. ಹುಡುಕುತ್ತಾ ಹೋದ್ರೆ ದೇಶವೆಲ್ಲಾ ಇದೇ ಕಥೆ. ತಮಿಳಿನ ಕುಪ್ಪುಸ್ವಾಮಿಯಲ್ಲಿರೋದು ಕುಪ್ಪೆ, ಅಂದ್ರೆ ಕಸ. ತೆಲುಗಿನ ಪೆಂಟಯ್ಯನಲ್ಲಿರೋ ಪೆಂಟ ಕೂಡ ತಿಪ್ಪೆಯೇ. ಊಟ ಮಾಡಿ ಎಸೆದ ಎಲೆಯಿಂದ ಪುಲ್ಲಯ್ಯ. ಬಂಗಾಳದಲ್ಲಿ ತೀನ್‌ಕೋಡಿ, ಪಾಂಚ್‌ಕೋಡಿ ಅಂತ ಹೆಸರುಗಳಿವೆ, ಮೂರು ಕವಡೆಗೆ, ಐದು ಕವಡೆಗೆ ಕೊಂಡ ಮಗು ಅಂತ. ನಮ್ಮಜ್ಜನ ತೌಡಿಗಿಂತ ಸ್ವಲ್ಪ ದುಬಾರಿ ಇರಬಹುದು :-) ಮರಾಠಿಯಲ್ಲಿ ಧೋಂಡು, ದಗಡು ಅಂದ್ರೆ ಕಲ್ಲು. ಹೆಣ್ಣುಮಕ್ಕಳ ಓದಿಗಾಗಿ ದುಡಿದು 1958ರಲ್ಲಿ ಭಾರತರತ್ನ ಪಡೆದ ಧೋಂಡೋ ಕೇಶವ ಕರ್ವೆ ಅವರ ಹೆಸರಲ್ಲೂ ಆ ಕಲ್ಲೇ ಇದೆ. ನಮ್ಮಲ್ಲಿ ಗುಂಡಪ್ಪ, ತಿರುಕಪ್ಪ, ಹುಚ್ಚಪ್ಪ ಇದ್ದಾರೆ. ತಿರುಕನ ತಮಿಳು ನೆಂಟ ಪಿಚ್ಚೈ, ಅಂದ್ರೆ ಭಿಕ್ಷೆ. 2015ರಲ್ಲಿ ಗೂಗಲ್‌ನ ಸಿಇಒ ಆದ ಸುಂದರ್ ಪಿಚೈ ಹೆಸರಿನ ಎರಡನೇ ಭಾಗ ಅದೇ ಪದ. ಅವರು ಅದನ್ನು 'ತ್ರಿಮೂರ್ತಿ' ಅಂತೇನೂ ಬದಲಾಯಿಸಿಕೊಳ್ಳಲಿಲ್ಲ.

ಈ ಭಯಕ್ಕೆ ಕಾರಣವೂ ಇತ್ತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು ವರ್ಷ ತುಂಬೋ ಮೊದಲೇ ಸಾಯ್ತಿದ್ದವು. 2020ರ ಹೊತ್ತಿಗೆ ಕರ್ನಾಟಕದಲ್ಲಿ ಈ ಲೆಕ್ಕ ಸಾವಿರಕ್ಕೆ 19ಕ್ಕೆ ಇಳಿದಿತ್ತು. ಇಂಥ ಹೆಸರುಗಳು ಯಾಕೆ ನಿಂತುಹೋದವು ಅನ್ನೋದಕ್ಕೆ ಫ್ಯಾಷನ್ ಒಂದೇ ಕಾರಣ ಅಂತ ನನಗನ್ನಿಸಲ್ಲ. ಲಸಿಕೆ ಬಂತು, ಹೆರಿಗೆ ಆಸ್ಪತ್ರೆ ಬಂತು, ತಿಪ್ಪೆಗೆ ಹೋಗೋ ಅಗತ್ಯ ಉಳೀಲಿಲ್ಲ.

ಹಾಗಂತ ಎಲ್ಲಾ 'ತಿಪ್ಪ'ರೂ ತಿಪ್ಪೆಯಿಂದಲೇ ಎದ್ದು ಬಂದವರಲ್ಲ. ನಮ್ಮ ಚಿತ್ರದುರ್ಗದ ಕಡೆ ಮನೆಗೊಬ್ಬ ತಿಪ್ಪೇಸ್ವಾಮಿ ಸಿಗ್ತಾನೆ. ಅದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಮೇಲಿನ ಭಕ್ತಿ. ಅಲ್ಲಿ ಹೆಸರು ಹೆದರಿಕೆಯದಲ್ಲ, ಹರಕೆಯದು. ಇನ್ನೂ ಹಿಂದಕ್ಕೆ ಹೋದ್ರೆ 15ನೇ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ಸಾಳುವ ವಂಶದ ಗೋಪ ತಿಪ್ಪ ಅನ್ನೋ ದೊರೆ ಸಿಗ್ತಾನೆ. ವಾಮನನ ಕಾವ್ಯಾಲಂಕಾರಸೂತ್ರಕ್ಕೆ 'ಕಾಮಧೇನು' ಅಂತ ಸಂಸ್ಕೃತ ವ್ಯಾಖ್ಯಾನ ಬರೆದ ವಿದ್ವಾಂಸ. ಆ ಪುಸ್ತಕದಲ್ಲಿ ಅವನ ಹೆಸರು ಏನಾಗಿದೆ ಗೊತ್ತಾ? ಗೋಪೇಂದ್ರ ತ್ರಿಪುರಹರ ಭೂಪಾಲ! ತ್ರಿಪುರವನ್ನು ಸುಟ್ಟ ಶಿವ. ತ್ರಿಪುರಹರನೇ ಜನರ ಬಾಯಲ್ಲಿ ಸವೆದು ತಿಪ್ಪ ಆದನೋ, ತಿಪ್ಪನನ್ನೇ ಸಂಸ್ಕೃತದ ಹೊಳೆಯಲ್ಲಿ ತೊಳೆದು ತ್ರಿಪುರಹರ ಮಾಡಿದರೋ, ಎರಡೂ ಆಗಬಹುದಾದದ್ದೇ. ವೃಷಭ ಬಸವ ಆಗಿದ್ದಾನೆ, ವಿಷ್ಣು ಬಿಟ್ಟಿ ಆಗಿದ್ದಾನೆ. ಉಲ್ಟಾ ದಿಕ್ಕಿನಲ್ಲೂ ಗಾಡಿ ಓಡುತ್ತೆ. ಹೈಸ್ಕೂಲಲ್ಲಿ ನಾನು ಓಡಿಸಿದ್ದೂ ಅದನ್ನೇ.

ಇದನ್ನು ಓದಿದ ದಿನ ನನಗೆ ಖುಷಿಯಾಗಿತ್ತು, ಅಜ್ಜನಿಗೂ ಒಂದು ಮರ್ಯಾದಸ್ಥ ಅರ್ಥ ಸಿಕ್ತಲ್ಲ ಅಂತ. ಅಜ್ಜಿಗೆ ಫೋನ್ ಮಾಡಿ ಹೇಳಿದೆ. "ಶಿವನೂ ಇಲ್ಲ ಏನೂ ಇಲ್ಲ, ತಿಪ್ಪೇಲಿ ಸಿಕ್ಕಿದ್ದು" ಅಂದ್ರು. ಅವರ ಮಟ್ಟಿಗೆ ತಿಪ್ಪೆ ಅಂದ್ರೆ ಕೊಳಕಲ್ಲ ಅನ್ನೋದು ಆಮೇಲೆ ಹೊಳೀತು. ಮಳೆ ನಂಬಿದ ಹೊಲಕ್ಕೆ ಗೊಬ್ಬರ ಬರೋದೇ ಅಲ್ಲಿಂದ. ದೀಪಾವಳಿಗೆ ಅಜ್ಜಿ ತಿಪ್ಪೆಗೂ ಒಂದು ದೀಪ ಇಡ್ತಾರೆ. ಬೆಂಗಳೂರಿನ ಕಸದ ಲಾರಿ ನೋಡಿ ಬೆಳೆದ ಮೂಗು ನನ್ನದು.

ಆದರೆ ಕೇಳೋಕೆ ಕೆಟ್ಟದಾಗಿರೋ ಹೆಸರನ್ನೆಲ್ಲಾ ಒಂದೇ ಚೀಲಕ್ಕೆ ತುಂಬೋಕೆ ನನಗೆ ಮನಸ್ಸಿಲ್ಲ. ಸಾಕಮ್ಮ ಅನ್ನೋ ಹೆಸರನ್ನೇ ತಗೊಳ್ಳಿ. ಬಸವನಗುಡಿಯವರಿಗೆ ಕಾಫಿಪುಡಿ ಸಾಕಮ್ಮ ನೆನಪಾಗಬಹುದು. ಹೆಣ್ಣೊಬ್ಬಳು ಉದ್ದಿಮೆ ನಡೆಸೋದು ಅಪರೂಪವಾಗಿದ್ದ ಕಾಲದಲ್ಲಿ ಕಾಫಿಪುಡಿಯಿಂದ ಹೆಸರು ಮಾಡಿದ ಗಟ್ಟಿಗಿತ್ತಿ. 'ಸಾಕು' ಅಂದ್ರೆ ಸಲಹು ಅಂತಲೂ ಆಗುತ್ತೆ, ಅಕ್ಕರೆಯಿಂದ ಇಟ್ಟವರೂ ಇರಬಹುದು. ಆದರೆ ಎಷ್ಟೋ ಮನೆಗಳಲ್ಲಿ ನಾಲ್ಕನೆಯದೋ ಐದನೆಯದೋ ಹೆಣ್ಣಾದಾಗ, ಇನ್ನು ಸಾಕು ಅಂತಲೇ ಇಟ್ಟ ಹೆಸರದು. ಮಹಾರಾಷ್ಟ್ರದಲ್ಲಿ ಇನ್ನೂ ನೇರವಾಗಿ 'ನಕುಸಾ', ಅಂದ್ರೆ ಬೇಡವಾದವಳು. 2011ರ ಅಕ್ಟೋಬರ್‌ನಲ್ಲಿ ಸಾತಾರಾ ಜಿಲ್ಲೆಯಲ್ಲಿ ಆ ಹೆಸರಿನ 285 ಹುಡುಗಿಯರಿಗೆ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟರು. ತಿಪ್ಪೆಯ ಮೇಲೆ ಮಲಗಿಸಿದ ತಾಯಿ 'ಬೇಡ' ಅಂತ ನಟಿಸಿದ್ದು ಉಳಿಸಿಕೊಳ್ಳೋದಕ್ಕೆ. ನಕುಸಾ ಅಂದವರು ನಟಿಸಲಿಲ್ಲ.

ಈ ವರ್ಷ ಅಕ್ಕನಿಗೆ ಮಗುವಾಯ್ತು. ಎರಡಕ್ಷರ ಇರಬೇಕು, ಯಾರೂ ಇಟ್ಟಿರಬಾರದು, ಅಮೆರಿಕದವರಿಗೂ ಉಚ್ಚಾರ ಬರಬೇಕು ಅಂತ ಅಕ್ಕ-ಭಾವ ಎರಡು ತಿಂಗಳು ಎಕ್ಸೆಲ್ ಶೀಟ್ ಮಾಡಿ ಒಂದು ಹೆಸರು ಆರಿಸಿದರು. ನಾಮಕರಣದ ದಿನ ಅಜ್ಜಿ ಮಗುವನ್ನು ತೊಡೆ ಮೇಲೆ ಹಾಕ್ಕೊಂಡು, ಕೆನ್ನೆಗೆ ಕಾಡಿಗೆ ಬೊಟ್ಟು ಇಟ್ಟು, ಹಾಲಿನ ಬಣ್ಣದ ಆ ಕೂಸನ್ನು "ಯಾಕೋ ಕರಿಯಾ, ಯಾಕೋ ಮೂಗ್ಸೊಟ್ಟ" ಅಂತ ಬೈಯ್ತಾ ಇದ್ದರು. ಅಕ್ಕನ ಮುಖ ಗಂಟು ಹಾಕಿಕೊಳ್ತು. ನಾನು ಮೆಲ್ಲಗೆ ಅವಳ ಪಕ್ಕ ಕೂತು ತೌಡಿನ ಕಥೆ ಶುರು ಮಾಡಿದೆ.